ಬೈದರೆ ಊಟ ಮಾಡುವ ಮಹಾರಾಣಿ

ಆ ಭಾನುವಾರ ಬೆಳಿಗ್ಗೆ, ಪ್ರಾಣಿಗಳ ಆಶ್ರಯದ ಗೇಟಿನ ಪಕ್ಕದ ಬೋರ್ಡಿನಲ್ಲಿ ಕತ್ತರಿಯಕ್ಕ ತನ್ನದೇ ಮುಖವನ್ನು ಕಂಡಳು.

ಮುಖ ದೊಡ್ಡದಾಗಿಯೇ ಇತ್ತು. ತಲೆಗೂದಲು ಕೆದರಿದೆ, ಕೆನ್ನೆಗೆ ಸೋಪಿನ ನೊರೆ ಮೆತ್ತಿದೆ, ಯಾವುದಕ್ಕೋ ಬಾಯ್ತುಂಬ ನಗುತ್ತಿದ್ದಾಳೆ. ಎಡಕ್ಕೆ ಕುಂಟ ಬೆಕ್ಕಿನ ಪೋಸ್ಟರ್, ಬಲಕ್ಕೆ ಜೋಡಿ ಮೊಲಗಳದು. ನಡುವೆ ಅವಳು. ಕೆಳಗೆ, ಹಿಂದಿನ ವಾರ ಅವಳೇ ಕೂತು ಬರೆದುಕೊಟ್ಟಿದ್ದ ಸಾಲುಗಳು:

‘ಮನೆ ಬೇಕಾಗಿದೆ. ಹೆಸರು ಮಹಾರಾಣಿ. ವಯಸ್ಸಾಗಿದೆ, ಆದರೆ ತೋರಗೊಡುವುದಿಲ್ಲ. ಮೊದಮೊದಲು ಗುರ್ ಅನ್ನಬಹುದು, ಹೆದರಬೇಡಿ. ಮುದ್ದು ಮಾಡಿದರೆ ಇಷ್ಟ, ಆದರೆ ಕೇಳಿ ಮಾಡಿ. ಹಿಂದಿನ ಮನೆಯವರು ವಾಪಸ್ ಬಿಟ್ಟುಹೋಗಿದ್ದಾರೆ. ತಪ್ಪು ಅವಳದಲ್ಲ.’

ಬರೆದದ್ದು ನಾಯಿಗೆ. ಮಹಾರಾಣಿ ಎಂದರೆ ಮೂಲೆಯ ಗೂಡಿನಲ್ಲಿದ್ದ ಬೂದುಬಣ್ಣದ ಮುದಿ ಹೆಣ್ಣುನಾಯಿ. ಎರಡು ಮನೆಗೆ ಹೋಗಿ ಎರಡರಿಂದಲೂ ವಾಪಸ್ ಬಂದಿತ್ತು.

ಅತ್ತಿಗೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಪಕ್ಕಕ್ಕೆ ಬಂದು ನಿಂತಳು. ಅಣ್ಣನ ಹೆಂಡತಿ, ಈ ಆಶ್ರಯ ಅವಳು ಕಟ್ಟಿದ್ದು.

“ಬೆಳಗಿಂದ ಫೋನ್ ಮೇಲೆ ಫೋನ್ ಕಣೇ. ಒಬ್ರು, ನಾಯಿ ಜೊತೆ ಆಯಮ್ಮನೂ ಬರ್ತಾರಾ ಅಂತ ಕೇಳಿದ್ರು. ಇನ್ನೊಬ್ರು, ಲಸಿಕೆ ಹಾಕ್ಸಿದೀರಾ ಅಂತ.”

“ನೀನೇನು ಹೇಳ್ದೆ?”

“ಎಲ್ಲಾ ಹಾಕ್ಸಿದೀವಿ, ಆದ್ರೂ ಕಚ್ಚಬಹುದು ಅಂದೆ.”

ವಾರವೆಲ್ಲ ಕತ್ತರಿಯಕ್ಕನಿಗೆ ತನ್ನ ಅಂಗಡಿಯಲ್ಲಿ ಸಾಕುನಾಯಿಗಳ ಕೂದಲು ಕತ್ತರಿಸುವ ಕೆಲಸ. ಭಾನುವಾರ ಮಾತ್ರ ಆಶ್ರಯಕ್ಕೆ. ಬೀದಿಯಿಂದ ಬಂದ ಪ್ರಾಣಿಗಳ ಮೈಮೇಲೆ ಕೂದಲು ಚಾಪೆಯಂತೆ ಗಂಟುಕಟ್ಟಿರುತ್ತಿತ್ತು. ಅವಳು ಕತ್ತರಿಸುತ್ತಾ ಹೋದಂತೆ ಅದರಡಿಯಿಂದ ಬೇರೆಯೇ ಒಂದು ಪ್ರಾಣಿ ಕಣ್ಣು ಪಿಳಿಪಿಳಿ ಬಿಡುತ್ತಾ ಹೊರಬರುತ್ತಿತ್ತು. ಆಮೇಲೆ, ಭಾನುವಾರಗಳಂದು ಕ್ಯಾಮೆರಾ ಹಿಡಿದು ಬರುವ ಒಬ್ಬರು, ಎಲ್ಲರ ಬಾಯಲ್ಲಿ ‘ಫೋಟೋದವರು’, ಅದರ ಫೋಟೋ ತೆಗೆಯುತ್ತಿದ್ದರು. ನಿನ್ನೆಯವರೆಗೂ ಯಾರೂ ತಿರುಗಿ ನೋಡದ ನಾಯಿಗೆ ಬೇಗನೆ ಮನೆ ಸಿಗುತ್ತಿತ್ತು. ಸಿಕ್ಕ ದಿನ ಅತ್ತಿಗೆ ಅದರ ಪೋಸ್ಟರಿನ ಮೇಲೆ ‘ಮನೆ ಸಿಕ್ಕಿತು’ ಎಂಬ ಹಳದಿ ಪಟ್ಟಿ ಅಂಟಿಸುವಳು. ಇಡೀ ಆಶ್ರಯಕ್ಕೆ ಅದೇ ಹಬ್ಬ.

ಫೋಟೋದವರು ಒಳಗೆ ನೆಲದ ಮೇಲೆ ಬೋರಲು ಮಲಗಿ ಕುಂಟ ಬೆಕ್ಕಿನ ಎದುರು ಕ್ಯಾಮೆರಾ ಹಿಡಿದಿದ್ದರು. ಕಿವಿಯ ಮೇಲಷ್ಟೇ ನರೆತ ಕೂದಲು, ಮೊಣಕೈಗೆಲ್ಲ ಧೂಳು.

“ಏನ್ರೀ ಇದು?” ಅವಳು ಬೋರ್ಡಿನಿಂದ ಕಿತ್ತು ತಂದ ಪೋಸ್ಟರನ್ನು ಅವರ ಮೂಗಿನ ಮುಂದೆ ಹಿಡಿದಳು.

ಅವರು ನೋಡಿದರು. ಎದ್ದು ಕೂತರು. ಕಿವಿ ಕೆಂಪಾಯಿತು. “ಪ್ರಿಂಟಿಂಗ್ ಅಂಗಡಿಗೆ ತಪ್ಪು ಫೋಟೋ ಹೋಗಿದೆ ಮೇಡಂ.”

“ಅದು ಕಾಣ್ತಾ ಇದೆ. ನಾಯಿ ಫೋಟೋ ಮಧ್ಯ ನಂದು ಯಾಕಿತ್ತು?”

“ಎರಡು ಫೋಟೋಗೂ ಒಂದೇ ಹೆಸರು ಕೊಟ್ಟಿದ್ದೆ.”

“ಏನಂತ?”

ಅವರು ಲೆನ್ಸಿನ ಮುಚ್ಚಳವನ್ನು ಹಾಕಿದರು, ತೆಗೆದರು, ಮತ್ತೆ ಹಾಕಿದರು. “ಮಹಾರಾಣಿ ಅಂತ.”

ಸಿಟ್ಟು ಮಾಡಬೇಕೆಂದೇ ಬಂದಿದ್ದಳು. ಆದರೆ ತುಟಿಯ ತುದಿ ಅವಳ ಮಾತು ಕೇಳಲಿಲ್ಲ. ಇಷ್ಟಕ್ಕೂ ಫೋಟೋ ಚೆನ್ನಾಗಿತ್ತು. ನಾನು ಹೀಗೆ ನಗ್ತೀನಾ, ಯಾವಾಗ ನಕ್ಕಿದ್ದೆ ಎಂದು ಯೋಚಿಸಿದಳು. ನೆನಪಾಯಿತು, ಸ್ನಾನದ ನೊರೆಯೊಳಗೆ ನಾಯಿ ಸೀನಿದಾಗ. ಕೋಣೆಯ ಆಚೆ ಬದಿಯಿಂದ ಯಾರೋ ಅದನ್ನು ನೋಡಿ ಎತ್ತಿಟ್ಟುಕೊಂಡಿದ್ದರು.

ಅವರು ಪೋಸ್ಟರನ್ನು ತೆಗೆದುಕೊಂಡು ಮೂಲೆ ಮಡಚದಂತೆ ಸುರುಳಿ ಸುತ್ತಿದರು. ಕಸದ ಬುಟ್ಟಿ ಪಕ್ಕದಲ್ಲೇ ಇತ್ತು. ಸುರುಳಿ ಹೋದದ್ದು ಅವರ ಚೀಲಕ್ಕೆ. ಅವಳು ನೋಡಿಯೂ ನೋಡದವಳಂತೆ ಬೆಕ್ಕಿನ ಕಿವಿ ಸವರಿದಳು.

“ಇನ್ನೊಂದು ವಿಷ್ಯ ಇತ್ತು ಮೇಡಂ. ಮಹಾರಾಣಿನ ನಾನೇ ಮನೆಗೆ ಕರ್ಕೊಂಡು ಹೋಗ್ಲಾ ಅಂತ.”

“ಯಾವ ಮಹಾರಾಣಿನ?” ಮಾತು ಬಾಯಿಂದ ಜಾರಿದ ಮೇಲೆ ಅವಳು ನಾಲಿಗೆ ಕಚ್ಚಿಕೊಂಡಳು.

ಫೋಟೋದವರು ಕಣ್ಣೆತ್ತಿ ನೇರವಾಗಿ ನೋಡಿದರು. “ಸದ್ಯಕ್ಕೆ ನಾಲ್ಕು ಕಾಲಿನದು.”

*

ಪ್ರಾಣಿ ಕೊಡುವ ಮುಂಚೆ ಮನೆ ನೋಡಿ ಬರುವುದು ಆಶ್ರಯದ ನಿಯಮ. ನೋಡುವವಳು ಕತ್ತರಿಯಕ್ಕನೇ. ಅವಳ ಕಣ್ಣಿಗೆ ಮಣ್ಣೆರಚುವುದು ಯಾರಿಂದಲೂ ಆಗುತ್ತಿರಲಿಲ್ಲ.

“ಮನೆ ಮಾತ್ರ ನೋಡ್ಕೊಂಡು ಬಾ,” ಎಂದಳು ಅತ್ತಿಗೆ.

“ಇನ್ನೇನು ನೋಡ್ಲಿ?”

“ಅದಕ್ಕೇ ಹೇಳಿದ್ದು.”

ಫೋಟೋದವರದು ಮುಂದುಗಡೆ ಸ್ಟುಡಿಯೋ, ಹಿಂದೆ ಎರಡು ಕೋಣೆಯ ಮನೆ. ಗೇಟಿನ ಚಿಲಕ ಎಳೆದು ನೋಡಿದಳು. ನೆಲ ಒರೆಸುವ ದ್ರಾವಣದ ಬಾಟಲಿ ಮೂಸಿದಳು. ಕುಕ್ಕರುಗಾಲಲ್ಲಿ ಕೂತು, ನಾಯಿಯ ಎತ್ತರದಿಂದ ಮನೆ ಹೇಗೆ ಕಾಣುತ್ತದೆಂದು ಸುತ್ತ ಕಣ್ಣಾಡಿಸಿದಳು. ಕೊನೆಗೆ ಚಪ್ಪಲಿ ಬಿಟ್ಟು ಪಾದವನ್ನು ನೆಲಕ್ಕೆ ಉಜ್ಜಿದಳು. ಕನ್ನಡಿಯಂಥ ಟೈಲ್ಸ್.

“ಫೇಲ್.”

“ಯಾಕೆ ಮೇಡಂ?”

“ನೆಲ. ಅದರ ಹಿಂಗಾಲಲ್ಲಿ ಬಲ ಇಲ್ಲ. ಇಂಥ ನೆಲದ ಮೇಲೆ ಜಾರತ್ತೆ, ಹೆದರತ್ತೆ, ಮೂಲೆ ಹಿಡ್ದು ಕೂರತ್ತೆ. ಹೊರಗೆ ಹೋಗಕ್ಕೆ ಭಯ, ಅಲ್ಲೇ ಗಲೀಜು ಮಾಡತ್ತೆ. ಜನ ಮೊಂಡು ನಾಯಿ ಅಂತ ವಾಪಸ್ ತಂದು ಬಿಡ್ತಾರೆ. ಎರಡು ಸಲ ಆಗಿರೋದೇ ಇದು. ಮೂರನೇ ಸಲ ವಾಪಸ್ ಬಂದ್ರೆ ಅದು ತಲೆನೇ ಎತ್ತಲ್ಲ.”

ಅವರು ವಾದ ಮಾಡಲಿಲ್ಲ. ನೆಲವನ್ನೊಮ್ಮೆ ನೋಡಿ, “ಮುಂದಿನ ವಾರ ಬನ್ನಿ. ಅದನ್ನೂ ಕರ್ಕೊಂಡೇ ಬನ್ನಿ,” ಎಂದರು.

ಮುಂದಿನ ವಾರ ಬಾಗಿಲು ತೆರೆದಾಗ ಕತ್ತರಿಯಕ್ಕ ಮೊದಲು ನೋಡಿದ್ದು ನೆಲವನ್ನು. ಟೈಲ್ಸ್ ಕಾಣುತ್ತಲೇ ಇರಲಿಲ್ಲ. ಹೊಸ್ತಿಲಿನಿಂದ ಅರಮನೆಯ ಉದ್ಯಾನ ಶುರುವಾಗಿತ್ತು. ಅಲ್ಲಿ ಗುಲಾಬಿ ಪೊದೆ, ಇಲ್ಲಿ ಜಲಪಾತ, ಅಡುಗೆಮನೆಯ ತಿರುವಿನಲ್ಲಿ ಅಮೃತಶಿಲೆಯ ಮೆಟ್ಟಿಲು. ಮದುವೆ ಜೋಡಿಗಳ ಫೋಟೋ ತೆಗೆಯುವಾಗ ಹಿಂದೆ ಇಳಿಬಿಡುತ್ತಿದ್ದ ಬಣ್ಣದ ಪರದೆಗಳನ್ನು ಕತ್ತರಿಸಿ, ಅಡಿಗೆ ರಬ್ಬರ್ ಹಾಳೆ ಅಂಟಿಸಿ, ಮನೆಯುದ್ದಕ್ಕೂ ಹಾಸಿದ್ದರು.

ಮಹಾರಾಣಿ ಹೊಸ್ತಿಲಲ್ಲಿ ನಿಂತಿತು. ಮೂಸಿತು. ಒಂದು ಕಾಲನ್ನು ಗುಲಾಬಿಯ ಮೇಲಿಟ್ಟು ಕಾದು ನೋಡಿತು. ಜಾರಲಿಲ್ಲ. ಆಮೇಲೆ, ತನ್ನದೇ ಆಸ್ತಿ ಎಂಬಂತೆ ಉದ್ಯಾನ ದಾಟಿ, ಜಲಪಾತ ದಾಟಿ, ಅಮೃತಶಿಲೆಯ ಮೆಟ್ಟಿಲ ಮೇಲೆ ಹೋಗಿ ಕೂತಿತು.

“ಹೆಂಡತಿ ತೀರಿಹೋದ್ಮೇಲೆ ಮದುವೆ ಫೋಟೋ ತೆಗೆಯಕ್ಕೆ ಮನಸ್ಸೇ ಬರ್ಲಿಲ್ಲ,” ಎಂದರು ಅವರು, ನಾಯಿಯನ್ನೇ ನೋಡುತ್ತಾ. “ಇಷ್ಟು ವರ್ಷ ಇದನ್ನೆಲ್ಲ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೆ.”

“ಈಗ ಕತ್ತರಿಸಿಬಿಟ್ರಲ್ಲ.”

“ಗಂಟು ಕಟ್ಟಿರೋದನ್ನ ಹಾಗೇ ಬಿಟ್ರೆ ಒಳಗೆ ಚರ್ಮ ಉಸಿರಾಡಲ್ಲ ಅಂತ ಪ್ರತಿ ಭಾನುವಾರ ಬೈತಿರ್ತೀರಲ್ಲ. ನಾನೂ ಕೇಳಿಸ್ಕೊಂಡೆ.”

ಅವಳು ಬಗ್ಗಿ ಹಾಸಿನ ಅಂಚು ಒತ್ತಿ ನೋಡಿದಳು. “ಪಾಸ್. ಸ್ವಲ್ಪ ದಿನ ಇಟ್ಕೊಂಡು ನೋಡಿ. ಹೊಂದಿಕೆ ಆಗ್ಲಿಲ್ಲ ಅಂದ್ರೆ ವಾಪಸ್ ತಗೋತೀವಿ.”

ಎಲ್ಲ ಮನೆಗಳಲ್ಲೂ ಹೇಳುವ ಮಾತೇ. ಇವತ್ತು ಮಾತ್ರ ‘ವಾಪಸ್’ ಎನ್ನುವಾಗ ನಾಲಿಗೆ ತಡೆಯಿತು.

ಆ ಪದ ಅವಳಿಗೆ ಹಳೆಯ ಪರಿಚಯ. ಮದುವೆ ಮುರಿದು ಅವಳು ಅಣ್ಣನ ಮನೆಗೆ ಬಂದ ವರ್ಷ, ಚಿಕ್ಕಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು: ‘ವಾಪಸ್ ಬಂದಿದಾಳೆ.’ ವಿಳಾಸ ತಪ್ಪಿದ ಪಾರ್ಸೆಲ್ಲಿನಂತೆ. ಆಮೇಲೆ ಅವಳು ಕತ್ತರಿ ಹಿಡಿದಳು, ಅಂಗಡಿ ಮಾಡಿದಳು, ಅಂಗಡಿಯ ಮೇಲೆಯೇ ತನ್ನದೆಂಬ ಮನೆ ಮಾಡಿದಳು. ದುಃಖಿಯೇನಲ್ಲ ಅವಳು, ಯಾರಾದರೂ ಅಯ್ಯೋ ಪಾಪ ಅಂದರೆ ನಕ್ಕುಬಿಡುತ್ತಿದ್ದಳು. ಆದರೆ ಯಾರೋ ಸ್ವಲ್ಪ ದಿನ ಇಟ್ಟುಕೊಂಡು ನೋಡುವ ಹೆಣ್ಣಾಗಿ ಮಾತ್ರ ಇನ್ನೊಮ್ಮೆ ಎಲ್ಲಿಗೂ ಹೋಗುವುದಿಲ್ಲ ಎಂದು ತೀರ್ಮಾನಿಸಿಕೊಂಡಿದ್ದಳು. ಈಚೆಗೆ ಆ ತೀರ್ಮಾನವನ್ನು ಆಗಾಗ ತಾನೇ ನೆನಪಿಸಿಕೊಳ್ಳಬೇಕಾಗುತ್ತಿತ್ತು.

*

ವಾರದ ಮಧ್ಯೆ, ಬೆಳಿಗ್ಗೆಯೇ ಫೋನ್ ಬಂತು.

“ಮೇಡಂ, ಒಂದ್ಸಲ ಮನೆಗೆ ಬರ್ತೀರಾ? ಮಹಾರಾಣಿ ವಿಷ್ಯ. ಫೋನಲ್ಲಿ ಹೇಳೋ ಅಂಥದ್ದಲ್ಲ.”

ದನಿ ಸೋತಂತಿತ್ತು. ಅವಳಿಗೆ ಅರ್ಥವಾಯಿತು. ವಾಪಸ್ ಕೊಡುವವರ ದನಿ ಅವಳಿಗೆ ಗೊತ್ತಿತ್ತು. ಮೊದಲು ಸುಸ್ತು, ಆಮೇಲೆ ಸಂಕೋಚ, ಕೊನೆಗೆ ಕಾರಣ.

ಅಂಗಡಿಯ ಬಾಗಿಲೆಳೆದು, ನಾಯಿಯ ಬೆಲ್ಟು, ಹಳೆಯ ಹೊದಿಕೆ ತೆಗೆದುಕೊಂಡು ಹೊರಟಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹದ ಮಾಡಿಕೊಂಡಳು. ಪರವಾಗಿಲ್ಲ ಸರ್, ಎಲ್ಲರಿಗೂ ಆಗಲ್ಲ. ಸಿಟ್ಟು ಬಂದದ್ದು ಅವರ ಮೇಲಲ್ಲ. ಅರಮನೆಯ ಉದ್ಯಾನ ನೋಡಿದಂದಿನಿಂದ ತನಗೆ ತಿಳಿಯದಂತೆ ಎದೆಯಲ್ಲೊಂದು ಕಿಟಕಿ ತೆರೆದಿಟ್ಟುಕೊಂಡಿದ್ದ ತನ್ನ ಮೇಲೆ.

ಬಾಗಿಲು ತೆರೆದವರ ಗಡ್ಡ ಬೆಳೆದಿತ್ತು. ಅಂಗಿಯ ಗುಂಡಿಗಳು ಒಂದರ ತೂತಿಗೆ ಇನ್ನೊಂದು ಸೇರಿದ್ದವು. ಅವರ ಹಿಂದೆ, ಅಮೃತಶಿಲೆಯ ಮೆಟ್ಟಿಲಿನ ಸುತ್ತ ಬಟ್ಟಲುಗಳ ಸಾಲು. ಒಂದರಲ್ಲಿ ಅನ್ನ ಮೊಟ್ಟೆ, ಒಂದರಲ್ಲಿ ಬೇಯಿಸಿದ ಕೋಳಿ, ಇನ್ನೊಂದರಲ್ಲಿ ಅಂಗಡಿಯ ತಿನಿಸು. ಮಹಾರಾಣಿ ಎಲ್ಲಕ್ಕೂ ಬೆನ್ನು ಹಾಕಿ ಮಲಗಿತ್ತು.

“ವಾಪಸ್ ಕೊಡ್ತೀರಾ?” ಅವಳು ನಿಂತಲ್ಲಿಂದಲೇ ಕೇಳಿದಳು.

“ವಾಪಸ್ಸಾ?” ಅವರು ನಿಜಕ್ಕೂ ಬೆಚ್ಚಿದರು. “ಯಾರು ಹಾಗಂದಿದ್ದು? ಬೈಯೋದು ಹೇಗೆ ಅಂತ ಕೇಳಕ್ಕೆ ಕರೆದೆ.”

“ಏನು?”

“ನೀವು ಬೈತಾ ಇದ್ರೆ ಅದು ತಿನ್ನತ್ತೆ. ಭಾನುವಾರ ನೋಡಿದೀನಲ್ಲ. ಬೈದಷ್ಟು ಹೊತ್ತು ತಿನ್ನತ್ತೆ, ನೀವು ಸುಮ್ಮನಾದ್ರೆ ಅದೂ ನಿಲ್ಲಿಸತ್ತೆ. ನಾನೂ ಬೈದು ನೋಡಿದೆ. ಆಗ್ತಿಲ್ಲ.”

ಕತ್ತರಿಯಕ್ಕ ಬೆಲ್ಟನ್ನು ಬಾಗಿಲ ಬಳಿಯೇ ಕೆಳಗಿಟ್ಟಳು. “ಎಲ್ಲಿ, ಬೈರಿ ನೋಡೋಣ.”

ಅವರು ನಾಯಿಯ ಮುಂದೆ ಮಂಡಿಯೂರಿದರು. “ನೋಡಿ ಮಹಾರಾಣಿಯವರೇ, ಹೀಗೆ ಮಾಡಿದ್ರೆ ಹೇಗೆ? ಸ್ವಲ್ಪನಾದ್ರೂ ತಗೊಳ್ಳಿ.”

ಮಹಾರಾಣಿ ಆಕಳಿಸಿತು.

“ಇದು ಬೈಗುಳನಾ? ಒಳ್ಳೆ ಆಮಂತ್ರಣ ಕೊಟ್ಟಂಗಿದೆ. ನಾಯಿಗೂ ನೀವು ಅಂತಾರೇನ್ರೀ?”

“ಯಾರಿಗೂ ನೀನು ಅಂದು ಅಭ್ಯಾಸ ಇಲ್ಲ ಮೇಡಂ.” ಸ್ವಲ್ಪ ತಡೆದು ಹೇಳಿದರು: “ಹೆಂಡತಿಗೆ ಅಂತಿದ್ದೆ. ಅವಳೊಬ್ಬಳಿಗೇ.”

ಅವಳು ನೆಲಕ್ಕೆ ಕೂತು ಅನ್ನದ ಬಟ್ಟಲನ್ನು ಎಳೆದುಕೊಂಡಳು. ತನಗೆ ಬರುವ ಕೆಲಸ ಶುರು ಮಾಡಿದಳು.

“ಏನೇ, ಏನಂದ್ಕೊಂಡಿದೀಯ ನಿನ್ನನ್ನ ನೀನು? ಅರಮನೆ ಸಿಕ್ತು ಅಂತ ಕೊಬ್ಬಾ? ಮನುಷ್ಯ ಹೊತ್ತು ಹೊತ್ತಿಗೂ ಬೇಯಿಸಿ ಹಾಕ್ತಾ ಇದಾರೆ, ನೀನು ಬೆನ್ನು ತೋರಿಸ್ಕೊಂಡು ಬಿದ್ದಿದೀಯ. ಇಲ್ಲೂ ಬೇಡ ಅನ್ನಿಸ್ಕೊಂಡು ಬರೋ ಆಸೆನಾ? ಬಂದು ನೋಡು, ಗೇಟ್ ಒಳಗೆ ಸೇರ್ಸಲ್ಲ ನಿನ್ನ.”

ಒಂದು ಕಿವಿ ಎದ್ದಿತು. ಬಾಲ ಜಲಪಾತಕ್ಕೆ ಪಟಪಟ ಬಡಿಯಿತು. ಮಹಾರಾಣಿ ಹೊರಳಿ, ಮೂತಿಯನ್ನು ಬಟ್ಟಲಿಗೆ ಇಳಿಸಿತು.

ನಿಲ್ಲಿಸಿದರೆ ತಿನ್ನುವುದೂ ನಿಲ್ಲುತ್ತದೆ. ಅವಳು ಉಸಿರು ಬಿಡದೆ ಬೈಯುತ್ತಲೇ ಹೋದಳು. ಬೈಯುತ್ತಾ ಬೈಯುತ್ತಾ ಕಣ್ಣು ಎದುರಿಗೆ ಮಂಡಿಯೂರಿ ಕೂತವರ ಕಡೆ ಹೊರಳಿತು. ಬತ್ತಿದ ಮುಖ, ವಕ್ರವಾಗಿ ನಿಂತ ಕಾಲರ್. ನಾಲಿಗೆಗೆ ತಡೆಯೆಲ್ಲಿತ್ತು.

“ಮತ್ತೆ ನೀನು? ಗುಂಡಿ ಎಲ್ಲೆಲ್ಲಿಗೋ ಹಾಕ್ಕೊಂಡು ಕೂತಿದೀಯ. ಮುಖ ನೋಡ್ಕೊಂಡಿದೀಯಾ ಕನ್ನಡೀಲಿ? ಅದು ತಿನ್ಲಿಲ್ಲ ಅಂತ ನೀನೂ ತಿಂದಿಲ್ವಾ?”

ಬೈಗುಳದ ಭರದಲ್ಲಿ ಅವರಿಗೂ ‘ನೀನು’ ಅಂದುಬಿಟ್ಟಿದ್ದಳು.

ಆಡಿದ ಮಾತನ್ನು ವಾಪಸ್ ತೆಗೆದುಕೊಳ್ಳಬಹುದಿತ್ತು. ‘ತಪ್ಪಾಯ್ತು, ನೀವು’ ಎಂಬುದು ತುಟಿಯವರೆಗೂ ಬಂದಿತ್ತು. ಆದರೆ ಕತ್ತರಿಸಿದ ಕೂದಲನ್ನು ಅವಳು ಯಾವತ್ತೂ ತಿರುಗಿ ಅಂಟಿಸಲು ಹೋದವಳಲ್ಲ. ಕಣ್ಣು ತಗ್ಗಿಸದೆ, ಕೂತಲ್ಲೇ ಕೂತಳು.

“ತಿಂದಿಲ್ಲ,” ಎಂದನು ಅವನು. ಆಮೇಲೆ ಮೆಲ್ಲಗೆ, ಬಹಳ ದಿನ ಬೀಗ ಹಾಕಿದ್ದ ಕೋಣೆಗೆ ಕಾಲಿಡುವವನಂತೆ: “ಇನ್ನೂ ಸ್ವಲ್ಪ ಬೈ.”

ಆ ‘ಬೈ’ಗೆ ಬಾಲದಲ್ಲಿ ‘ರಿ’ ಇರಲಿಲ್ಲ. ಅವಳ ಕಿವಿಯಿಂದ ಕುತ್ತಿಗೆಯವರೆಗೂ ಬಿಸಿ ಇಳಿಯಿತು.

“ಒಂದು ಮಾತು,” ಎಂದಳು. “ಸ್ವಲ್ಪ ದಿನ ಇಟ್ಕೊಂಡು ನೋಡೋದು, ಹೊಂದಿಕೆ ಆಗ್ಲಿಲ್ಲ ಅಂತ ಬಿಡೋದು, ಅದೆಲ್ಲ ನಾಯಿಗಳ ಲೆಕ್ಕ. ನನ್ನ ಹತ್ರ ನಡೆಯಲ್ಲ.”

“ಗೊತ್ತು. ಪೋಸ್ಟರ್ ಓದಿದೀನಿ. ದಿನಾ ಓದ್ತೀನಿ.” ಅವನು ಮುಂದಕ್ಕೆ ಬಾಗಿದ. “ಮುದ್ದು ಮಾಡೋ ಮುಂಚೆ ಕೇಳ್ಬೇಕು ಅಂತ ಬರೆದಿದೆ. ಕೇಳ್ತಾ ಇದೀನಿ.”

ಹಾಗೆಂದು ಅವನು ಕೈ ಚಾಚಿದ. ಬೆರಳು ಮಡಚಿ, ಅಂಗೈ ಕೆಳಗಾಗಿ, ತಗ್ಗಿನಲ್ಲಿ, ಅವಸರವಿಲ್ಲದೆ. ಹೊಸ ನಾಯಿಯ ಮುಂದೆ ಹೀಗೇ ಕೈ ಚಾಚಬೇಕು, ಅದು ತಾನಾಗಿ ಬರುವವರೆಗೆ ಕಾಯಬೇಕು ಎಂದು ಆಶ್ರಯಕ್ಕೆ ಬಂದವರಿಗೆಲ್ಲ ಕಲಿಸುತ್ತಿದ್ದವಳು ಅವಳೇ.

ಅವಳಿಗೆ ನಗು ಬಂತು. ಪೋಸ್ಟರಿನಲ್ಲಿದ್ದ ನಗುವೇ.

“ಗುರ್ ಅಂದ್ರೆ?”

“ಹೆದರಬೇಡಿ ಅಂತಾನೂ ಬರೆದಿದೆ.”

ಅವಳು ಆ ಮಡಚಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ತನ್ನ ಬೆರಳುಗಳನ್ನು ಅವುಗಳ ನಡುವೆ ಇಟ್ಟಳು. ಇನ್ನೊಂದು ಕೈಯಿಂದ ಅವನ ಅಂಗಿಯ ತಪ್ಪಿದ ಗುಂಡಿಯನ್ನು ಬಿಚ್ಚಿ ಸರಿಯಾದ ತೂತಿಗೆ ಹಾಕಿದಳು. ಬೈಗುಳ ನಿಂತಿತೆಂದು ಮಹಾರಾಣಿ ತಲೆಯೆತ್ತಿ ನೋಡಿತು. ಇಬ್ಬರನ್ನೂ ನೋಡಿ, ಇವತ್ತಿಗೆ ಇನ್ನು ಬೈಯುವವರಿಲ್ಲವೆಂದು ಖಾತ್ರಿಯಾದ ಮೇಲೆ, ಉಳಿದದ್ದನ್ನು ತಾನಾಗಿಯೇ ತಿಂದು ಮುಗಿಸಿತು.

*

ಭಾನುವಾರ ಬೋರ್ಡಿನ ಮುಂದೆ ಅತ್ತಿಗೆ ಬಹಳ ಹೊತ್ತು ನಿಂತಳು. ಮಹಾರಾಣಿಯ ಸರಿಯಾದ ಪೋಸ್ಟರಿನ ಮೇಲೆ ‘ಮನೆ ಸಿಕ್ಕಿತು’ ಎಂಬ ಹಳದಿ ಪಟ್ಟಿ ಇತ್ತು. ಪಕ್ಕದಲ್ಲಿ, ಸುರುಳಿಯ ಗುರುತು ಇನ್ನೂ ಮಾಸದ ಇನ್ನೊಂದು ಪೋಸ್ಟರ್. ಕೆನ್ನೆಗೆ ನೊರೆ, ಬಾಯ್ತುಂಬ ನಗು. ಅದರ ಮೇಲೂ ಹಳದಿ ಪಟ್ಟಿ. ಪಟ್ಟಿಯಡಿ ‘ವಾಪಸ್’ ಎಂಬ ಸಾಲು ಮುಚ್ಚಿಹೋಗಿ, ಅದರ ಕೆಳಗಿನ ‘ತಪ್ಪು ಅವಳದಲ್ಲ’ ಮಾತ್ರ ಕಾಣುತ್ತಿತ್ತು.

“ಇದನ್ನ ಯಾರೇ ಅಂಟಿಸಿದ್ದು?”

“ನಾನೇ,” ಎಂದಳು ಕತ್ತರಿಯಕ್ಕ, ಗಂಟುಗೂದಲ ಹೊಸ ನಾಯಿಯೊಂದನ್ನು ಮೇಜಿಗೆ ಹತ್ತಿಸುತ್ತಾ.

“ಮನೆ ಮಾತ್ರ ನೋಡ್ಕೊಂಡು ಬಾ ಅಂದಿದ್ದೆ.”

“ಮನೆನೇ ನೋಡಿದ್ದು. ಪಾಸಾಯ್ತು.”

ಅತ್ತಿಗೆ ಸೆರಗಿನಿಂದ ಕಣ್ಣಿನ ತುದಿ ಒತ್ತಿಕೊಂಡು, ಧೂಳು ಎಂದಳು. ಅಷ್ಟರಲ್ಲಿ ಫೋನ್ ಬಂತು. ಎತ್ತಿ ಕೇಳಿ, ಅವಳು ನಾದಿನಿಯ ಕಡೆ ನೋಡುತ್ತಲೇ ಹೇಳಿದಳು: “ಇಲ್ಲ ಸರ್, ಅದು ಹೋಯ್ತು. ಇಲ್ಲ, ಇನ್ನು ವಾಪಸ್ ತಗೊಳಲ್ಲ.”

ಅಂಗಳದ ಆ ತುದಿಯಲ್ಲಿ ಅವನು ಬಟ್ಟಲು ಹಿಡಿದು ನಿಂತಿದ್ದ. ನಾಯಿ ಅವನಿಗೆ ಬೆನ್ನು ಹಾಕಿ ಗೇಟಿನ ಬಳಿ ಮಲಗಿತ್ತು. ದನಿಯನ್ನು ಗಟ್ಟಿ ಮಾಡಿಕೊಂಡು, ನಾಲ್ಕು ದಿನದಲ್ಲಿ ಕಲಿತದ್ದನ್ನೆಲ್ಲ ಒಟ್ಟುಗೂಡಿಸಿ ಬೈದ:

“ಏನೇ ಮಹಾರಾಣಿ, ಬರ್ತೀಯೋ ಇಲ್ವೋ?”

ಇಬ್ಬರು ಮಹಾರಾಣಿಯರೂ ತಿರುಗಿ ನೋಡಿದರು.