ನೆರೀಡಾಳ ಟಗರು ಮರ ಹತ್ತಿದ ಬಗೆ

ಸತ್ತ ಟಗರು ನೀಲಗಿರಿ ಮರದ ಕವಲಿನಲ್ಲಿ, ಆಳೆತ್ತರದಲ್ಲಿ ಸಿಕ್ಕಿಕೊಂಡಿತ್ತು. ಹಿಂದಿನ ತೊಡೆ ಹರಿದಿತ್ತು, ಕುತ್ತಿಗೆಗೆ ಒಂದು ಗಾಯವೂ ಇರಲಿಲ್ಲ. ಮರದ ನುಣುಪು ತೊಗಟೆಯ ಮೇಲೆ ಒಂದು ಗೀರೂ ಇರಲಿಲ್ಲ.

ಗಿಪ್ಸ್‌ಲ್ಯಾಂಡಿನ ಈ ಗುಡ್ಡಗಳಲ್ಲಿ ಕರಿಚಿರತೆ ಕಂಡೆನೆನ್ನುವವರಿಗೆ ಬರವಿಲ್ಲ. ಯುದ್ಧಕಾಲದಲ್ಲಿ ಅಮೆರಿಕದ ಸಿಪಾಯಿಗಳು ಬಿಟ್ಟುಹೋದದ್ದೆಂದು ಒಬ್ಬರು, ಸರ್ಕಸ್ಸಿನಿಂದ ತಪ್ಪಿಸಿಕೊಂಡದ್ದೆಂದು ಇನ್ನೊಬ್ಬರು. ಪೊಲೀಸ್ ಕೆಲಸದಿಂದ ನಿವೃತ್ತಳಾಗಿ ಡೆಸ್ಮಂಡನ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಮ್ಯಾವಿಸ್ ಕ್ವಿಲ್ಟಿಗೆ ಅವೆಲ್ಲ ಕೇಳಿ ಕೇಳಿ ಸಾಕಾಗಿಹೋಗಿತ್ತು. ಊರವರು ಕರೆಸಿದಲ್ಲೆಲ್ಲ ಅವಳನ್ನು ಜೀಪಿನಲ್ಲಿ ಹೊತ್ತು ತಿರುಗಿ ಡೆಸ್ಮಂಡನಿಗೂ ಸಾಕಾಗಿತ್ತು. ಆದರೂ ಅವಳು ಕರೆದರೆ ಒಲ್ಲೆನೆಂದವನಲ್ಲ.

ಇಂದು ಕರೆಸಿದವಳು ನೆರೀಡಾ. ಟಗರು ಅವಳದು, ಮರವೂ ಅವಳದೇ. ಹೋದ ಚಳಿಗಾಲದಲ್ಲಿ ಅವಳ ನಾಯಿ ಕುರಿಮರಿ ಕೊಂದಿತೆಂದು ಪಕ್ಕದ ಹೊಲದ ಕ್ಲೈವ್ ದೂರಿದ್ದ. ರಕ್ತದ ರುಚಿ ಕಂಡ ನಾಯಿಗೆ ಸಾಕಿದವರೇ ಗುಂಡಿಕ್ಕಬೇಕು. ಕುರಿ ಸಾಕುವವರ ಕಟ್ಟಳೆ ಅದು. ನೆರೀಡಾ ಅದನ್ನು ಪಾಲಿಸಿದ್ದಳು.

“ಚಿರತೆ ಅಂದ್ರೆ ಸುಮ್ನಾಗ್ತೀನಿ ಮ್ಯಾವಿಸ್,” ಅಂದಳು. “ನಾಯಿ ಆದ್ರೆ ಯಾರದು ಅಂತ ಹೇಳು. ನಂಗೊಂದು ನ್ಯಾಯ, ಇನ್ನೊಬ್ರಿಗೊಂದು ನ್ಯಾಯ ಬೇಡ.”

ಅಷ್ಟರಲ್ಲಿ ಎರಡು ಹೊಲಗಳ ನಡುವಿನ ಗೇಟು ತೆರೆದು ಕ್ಲೈವ್ ಬಂದ. ಮಾತಾಡುತ್ತಲೇ, ತಿರುಗಿಯೂ ನೋಡದೆ, ಬೆನ್ನ ಹಿಂದೆ ಗೇಟಿನ ಸರಪಳಿ ಸಿಕ್ಕಿಸಿದ. ಚಿರತೆ ಕಂಡವರನ್ನು ಜನ್ಮವಿಡೀ ಗೇಲಿ ಮಾಡಿದ್ದವನು ಇಂದು ತಾನೇ ಕಂಡೆನೆಂದ. ನಸುಕಿನಲ್ಲಿ ಅದು ತನ್ನ ಹೊಲದ ಕಡೆಯಿಂದ ಟಗರನ್ನು ಕಚ್ಚಿಕೊಂಡು ಬಂದು ಈ ಗೇಟು ಹಾರಿತಂತೆ. ಗೇಟು ಹಾಕಿತ್ತೇ ಎಂದು ಮ್ಯಾವಿಸ್ ಕೇಳಿದ್ದಕ್ಕೆ, ಗೇಟು ತೆರೆದಿಡುವ ಮೂರ್ಖ ಈ ಸೀಮೆಯಲ್ಲಿ ಯಾರಿದ್ದಾನೆಂದು ಮುಖ ಸಿಂಡರಿಸಿದ.

ಆಮೇಲೆ ಕುರಿಗಳನ್ನು ದೊಡ್ಡಿಗೆ ಕೂಡಿಹಾಕಬೇಕೆಂದು ತನ್ನ ಹೊಲಕ್ಕೆ ಮರಳಿದ. ಅವನೇ ಏದುಸಿರು ಬಿಡುತ್ತ ಕುರಿಗಳ ಹಿಂದೆ ಓಡಾಡುವುದನ್ನು ಕಂಡು ಡೆಸ್ಮಂಡನಿಗೆ ನಗು ಬಂತು. ಕ್ಲೈವನ ನಾಯಿ ಕೊಟ್ಟಿಗೆಯಲ್ಲಿ ಕಟ್ಟಿದಲ್ಲೇ ಬೊಗಳುತ್ತಿತ್ತು. ಮ್ಯಾವಿಸ್ ನಗಲಿಲ್ಲ. ಮಂಡಿ ಹಿಡಿದುಕೊಂಡು ಗೇಟಿನ ಬಳಿ ಕುಳಿತು, ಅದರಡಿ ಕೈ ತೂರಿಸಲು ಡೆಸ್ಮಂಡನಿಗೆ ಹೇಳಿದಳು. ಸಂದು ಕಿರಿದು, ಮುಂಗೈಯಿಂದಾಚೆ ಕೈ ಹೋಗಲಿಲ್ಲ. ಆದರೆ ಟಗರನ್ನು ಎಳೆದ ಗುರುತು ಕ್ಲೈವನ ಹೊಲದಿಂದ ಗೇಟಿನಡಿ ಹಾದು ಮರದವರೆಗೂ ಎಲ್ಲೂ ತುಂಡಾಗದೆ ಬಂದಿತ್ತು.

ಮ್ಯಾವಿಸ್ ನೆರೀಡಾ, ಕ್ಲೈವ್ ಇಬ್ಬರನ್ನೂ ಗೇಟಿನ ಬಳಿಗೇ ಕರೆಸಿದಳು.

“ಚಿರತೆ ಕುತ್ತಿಗೆ ಹಿಡಿಯುತ್ತೆ, ತೊಡೆ ಹರಿಯೋದು ನಾಯಿ,” ಅಂದಳು, ದಣಿದ ದನಿಯಲ್ಲಿ. “ಚಿರತೆ ಮರ ಹತ್ತಿದ್ರೆ ತೊಗಟೆ ಮೇಲೆ ಉಗುರಿನ ಗುರುತಿರಬೇಕಿತ್ತು. ಗೇಟು ಹಾರಿದ್ರೆ ಎಳೆದ ಗುರುತು ಇಲ್ಲಿ ತುಂಡಾಗ್ಬೇಕಿತ್ತು. ಸತ್ತ ಟಗರನ್ನ ಎಳೆದು ತರೋವಾಗ ಗೇಟು ತೆರೆದಿತ್ತು. ಆಮೇಲೆ ಯಾರೋ ಸರಪಳಿ ಹಾಕಿದ್ದಾರೆ, ಅಭ್ಯಾಸಕ್ಕೆ ಬಿದ್ದ ಕೈ ಸುಮ್ನಿರದೆ. ಕ್ಲೈವ್, ಟಗರು ನಿನ್ನ ಕುರಿಗಳ ಹಿಂದೆ ನಿನ್ನ ಹೊಲಕ್ಕೆ ನುಗ್ಗಿ ಅಲ್ಲೇ ಸತ್ತಿತು, ಅದನ್ನ ಎಳೆತಂದು ಮರಕ್ಕೇರಿಸಿದ್ದು ಮನುಷ್ಯ. ಕುರಿ ಕೂಡಿಹಾಕೋ ದಿನ ಕುರಿ ಅಟ್ಟೋ ನಾಯೀನ ಯಾಕಪ್ಪಾ ಕಟ್ಟಿಹಾಕಿದೀಯ?”

ಕ್ಲೈವ್ ಗೇಟಿಗೆ ಒರಗಿದ.

“ಮರಿಯಿದ್ದಾಗಿಂದ ನನ್ನ ಮಂಚದ ಕೆಳಗೇ ಮಲಗುತ್ತೆ,” ಅಂದ.

“ನಂದು ಎಲ್ಲಿ ಮಲಗ್ತಿತ್ತು ಅಂದ್ಕೊಂಡಿದ್ದೆ?” ಅಂದಳು ನೆರೀಡಾ.

ಕೋವಿ ತರಲು ಅವನು ತಿರುಗಿದ. ನೆರೀಡಾ ಅವನ ತೋಳು ಹಿಡಿದು ನಿಲ್ಲಿಸಿದಳು.

“ಬಿಡು. ಕುರಿ ಇಲ್ಲದ ಕಡೆ ಯಾರಿಗಾದ್ರೂ ಕೊಟ್ಬಿಡು,” ಅಂದಳು. ಮರದತ್ತ ನೋಡಿದಳು. “ಅವತ್ತು ನನ್ನ ನಾಯೀನ ಉಳಿಸ್ಕೊಳ್ಳೋಕೆ ನಂಗೂ ಒಂದು ಚಿರತೆ ಹೊಳೀಬೇಕಿತ್ತು.”