ದಸರಾ ಆದ ಮೇಲೆ ಸ್ಕೂಲ್

"ಸ್... ಸ್... ಇಸ್ಕೂಲ್!" ಅಂದಳು ಅಮ್ಮಿ.

"ಅಯ್ಯ ಅಮ್ಮೀ! ಇ ನಕ್ಕೋ, ಇ ಬ್ಯಾಡ ಅಂದ್ನಲ್ಲ!" ಹಾಜಿರಾ ಹಣೆ ಬಡಿದುಕೊಂಡಳು. "ಬರೀ ಸ್ಕೂಲ್. ಹಾವು ಬುಸ್ ಅಂತದಲ್ಲ, ಹಂಗ ಶುರು ಮಾಡು."

ಅಮ್ಮಿ ಹಾವಿನ ಹಾಗೆ ಉದ್ದಕ್ಕೆ ಸ್ಸ್ಸ್ ಅಂದಳು. ಉಸಿರು ಮುಗಿಯಿತು. ಮತ್ತೆ ಉಸಿರು ಎಳೆದುಕೊಂಡು, "ಇಸ್ಕೂಲ್" ಅಂದಳು.

ಹಾಜಿರಾ ತಲೆಯ ಮೇಲೆ ಕೈ ಹೊತ್ತು ಕೂತಳು.

ಕಲಬುರಗಿಯ ರೋಜಾ ಬಡಾವಣೆಯಲ್ಲಿ ಅವರ ಮನೆ. ಮನೆಯಲ್ಲಿ ದಖನಿ ಮಾತು. ಅಬ್ಬಾ, ಕಾಕಾ, ಪಕ್ಕದ ಮನೆಯವರು, ಎಲ್ಲರೂ ಇಸ್ಕೂಲ್, ಇಸ್ಟೇಷನ್, ಇಸ್ಟೂಲ್ ಅನ್ನುವವರೇ. ಅಲ್ಲಿ ಯಾರು ಯಾರಿಗೆ ನಗಬೇಕು? ಆದರೆ ಅಮ್ಮಿ ಕಲಿಸುವುದು ಕಮಲಾಪುರದ ಕನ್ನಡ ಶಾಲೆಯಲ್ಲಿ. ದಿನಾ ಬೆಳಿಗ್ಗೆ ತಾಯಿ ಮಗಳು ಕೂಡಿಯೇ ಬಸ್ಸು ಹತ್ತುತ್ತಿದ್ದರು. ಹಾಜಿರಾ ಅಲ್ಲೇ ಐದನೇ ಕ್ಲಾಸು.

ಇಷ್ಟು ದಿನ ಅಮ್ಮಿ, ಅಂದರೆ ಶಾಲೆಯಲ್ಲಿ ಎಲ್ಲರ ಟೀಚರ್ ಶಾಹಜಾದಿ ಬಾಯಾರು, ಸಣ್ಣ ಮಕ್ಕಳಿಗೆ ಲೆಕ್ಕ ಕಲಿಸುತ್ತಿದ್ದಳು. ಏನೂ ತಂಟೆ ಇರಲಿಲ್ಲ. ಈ ವರ್ಷ ಇಂಗ್ಲಿಷ್ ಮಾಸ್ತರರಿಗೆ ಬೇರೆ ಊರಿಗೆ ವರ್ಗವಾಯಿತು. ಹೆಡ್ ಮಾಸ್ತರ ಅಣವೀರಪ್ಪನವರು ಅಮ್ಮಿಯನ್ನು ಕರೆದು, "ಐದನೇ ಕ್ಲಾಸಿನ ಇಂಗ್ಲಿಷ್ ನೀವೇ ತಗೋರಿ ಬಾಯಾರ. ದಸರಾ ರಜಾ ತನಕ ಏನೇನು, ಆಮ್ಯಾಲ ಏನೇನು ಕಲಸ್ತೀರಿ, ಪ್ಲ್ಯಾನ್ ಬರದು ಸೋಮವಾರ ತೋರಸ್ರಿ" ಅಂದುಬಿಟ್ಟರು.

ಅಮ್ಮಿಗೆ ಎಲ್ಲಿಲ್ಲದ ಖುಷಿ. ಇಂಗ್ಲಿಷ್ ಕಲಿಸಬೇಕು ಅನ್ನುವುದು ಅವಳ ಎಷ್ಟೋ ದಿನದ ಆಸೆ. ಹಾಜಿರಾಗೆ ಮಾತ್ರ ಊಟ ಸೇರದು. ಯಾಕೆಂದರೆ ಕ್ಲಾಸಿನಲ್ಲಿ ಮುಕುಂದ ಇದ್ದಾನೆ. ಹೋದ ವರ್ಷ ಹಾಜಿರಾ ಒಂದೇ ಒಂದು ಸಲ ಬಾಯಿತಪ್ಪಿ "ಇಸ್ಲೇಟ್" ಅಂದಿದ್ದಳು. ಮಹಾರಾಯ ಮುಕುಂದ ದೀಪಾವಳಿಯ ತನಕ ಅವಳನ್ನು "ಏ ಇಸ್ಲೇಟ್" ಅಂತಲೇ ಕರೆದ! ಹಾಜಿರಾ ಕನ್ನಡಿಯ ಮುಂದೆ ನಿಂತು ನಿಂತು ನಾಲಿಗೆ ತಿದ್ದಿಕೊಂಡಳು. ಈಗ ಅಮ್ಮಿಗೂ ಅವನು ಹೆಸರಿಟ್ಟರೆ?

ಭಾನುವಾರ ಮಧ್ಯಾಹ್ನ ಅಮ್ಮಿ ಚಾಪೆಯ ಮೇಲೆ ಕೂತು ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿದಳು. ಒಂದೊಂದು ಚೀಟಿಯ ಮೇಲೂ ಒಂದೊಂದು ಪಾಠದ ಹೆಸರು. ಸ್ಕೂಲ್, ಫ್ಯಾಮಿಲಿ, ಮಾರ್ಕೆಟ್, ಸ್ಟೇಷನ್, ಸ್ಟ್ರೀಟ್, ಹೀಗೆ. ಚೀಟಿಗಳನ್ನು ವಾರದ ಪ್ರಕಾರ ಸಾಲಾಗಿ ಜೋಡಿಸಿದಳು.

"ನೋಡು ಬೇಟಾ, ಬಿತ್ತೂ ದಿನದಾಗ ಅರ್ಧ ಹುಡುಗ್ರು ಹೊಲಕ್ಕ ಹೋಗಿರ್ತಾರ. ಆಗ ಹೊಸಾ ಪಾಠ ನಕ್ಕೋ, ಹಾಡು ಆಟ ಸಾಕು. ನಾಗರಪಂಚಮಿ ವಾರದಾಗ ಎಲ್ಲಾರ ಜೀವಾ ಜೋಕಾಲಿ ಮ್ಯಾಲ. ಆಗ ಮಾರ್ಕೆಟ್ ಆಟ ಆಡಸೂಣು."

ಅಮ್ಮಿ ಚಹಾ ಮಾಡಲು ಒಳಗೆ ಹೋದಳು. ಹಾಜಿರಾ ಆ ಕಡೆ ಈ ಕಡೆ ನೋಡಿದಳು. ಸರಕ್ಕನೆ ಸ್ಕೂಲ್ ಚೀಟಿ ಎತ್ತಿ ದಸರಾ ರಜೆಯ ಆಚೆಗೆ ಇಟ್ಟಳು. ಸ್ಟೇಷನ್ನನ್ನೂ ಸ್ಟ್ರೀಟನ್ನೂ ಅದರ ಹಿಂದೆಯೇ ಕಳಿಸಿದಳು.

ಅಮ್ಮಿ ಬಂದು ನೋಡಿ, "ಇದ್ಯಾಕ ಇಷ್ಟು ದೂರ ಹೋತು?" ಅಂದಳು.

"ಸ್ಕೂಲ್ ಕಠಿಣ ಅದ ಅಮ್ಮಿ. ನಡುವ ಸಿ, ಎಚ್ ಬರ್ತದ. ಬರಿಯೂಮುಂದ ಹುಡುಗ್ರು ತಪ್ಪತಾರ."

"ಅರೆ, ಹೌದಲ್ಲ! ನನಗಿದು ಹೊಳದೇ ಇಲ್ಲ." ಅಮ್ಮಿ ಅವಳ ತಲೆ ಸವರಿ, ಅದೇ ಪ್ರಕಾರ ಪ್ಲ್ಯಾನ್ ಬರೆಯತೊಡಗಿದಳು. ಹಾಜಿರಾಗೆ ಕೆಟ್ಟದೆನಿಸಿತು. ಎದ್ದು ಚಹಾದ ಲೋಟ ತೊಳೆಯಲು ಹೋದಳು.

ಸೋಮವಾರ ಹೆಡ್ ಮಾಸ್ತರರು ಪ್ಲ್ಯಾನ್ ಓದುತ್ತ ಓದುತ್ತ ಹುಬ್ಬು ಮೇಲೇರಿಸಿದರು. ಹಾಜಿರಾ ಬಾಗಿಲ ಹತ್ತಿರ ನಿಂತಿದ್ದಳು.

"ಏನ್ರಿ ಬಾಯಾರ ಇದು? ಹುಡುಗ್ರು ಸಾಲ್ಯಾಗೇ ಕುಂತಿರ್ತಾರ. ಸ್ಕೂಲ್ ಅನ್ನಾಕ ಅವರು ದಸರಾ ದಾಟಬೇಕೇನು? ಕಣ್ಣಿಗೆ ಕಾಣೂದು ಮೊದ್ಲ ಕಲಸಬೇಕಲ್ರಿ!"

ಅಮ್ಮಿಯ ಮುಖ ಕೆಂಪಾಯಿತು. ಮಗಳು ಜೋಡಿಸಿದ್ದು ಅಂತ ಈಗ ಹೇಳುತ್ತಾಳೆ, ಮುಗಿಯಿತು ನನ್ನ ಕತೆ ಅಂದುಕೊಂಡಳು ಹಾಜಿರಾ.

"ನಂದೇ ತಪ್ಪಾತ್ರಿ ಸರ್" ಅಂದಳು ಅಮ್ಮಿ.

"ಇವತ್ತೇ ಸ್ಕೂಲ್ ಪಾಠ ಶುರು ಮಾಡ್ರಿ. ನಾನೂ ಹಿಂದ ಬಂದು ಕುಂದರ್ತೀನಿ. ನಿಮಗ ಕಲಸಾಕ ಜಮಾಸ್ತದಂದ್ರ ಇಂಗ್ಲಿಷ್ ನಿಮಗೇ. ಇಲ್ಲಾಂದ್ರ ಬ್ಯಾರೆ ಯಾರಿಗರ ಕೊಡೂಣು."

ಹೊರಗೆ ಬಂದ ಮೇಲೆ ಹಾಜಿರಾ ಅಮ್ಮಿಯ ಸೆರಗು ಹಿಡಿದಳು. "ಅಮ್ಮೀ, ಅದು ನಾನು..."

"ಗೊತ್ತಾತು ಬಿಡು. ಸಿ, ಎಚ್ ಕಠಿಣ ಅಂದಿ. ಇಸ್ಟೇಷನ್‌ದಾಗ ಸಿ, ಎಚ್ ಎಲ್ಲದ?" ಅಂದಳು ಅಮ್ಮಿ ಮೆಲ್ಲಗೆ. ಬೈದಿದ್ದರೂ ಎಷ್ಟೋ ವಾಸಿ ಇತ್ತು. ಅಮ್ಮಿ ಬೈಯಲಿಲ್ಲ, ಸೆರಗು ಸರಿಮಾಡಿಕೊಂಡು ಹೋದಳು.

ಮಧ್ಯಾಹ್ನ ಇಂಗ್ಲಿಷ್ ಪೀರಿಯಡ್. ಹೆಡ್ ಮಾಸ್ತರರು ಹಿಂದೆ ಕುರ್ಚಿ ಹಾಕಿಕೊಂಡು ಕೂತರು. ಅಮ್ಮಿ ಬೋರ್ಡಿನ ಮೇಲೆ ದೊಡ್ಡದಾಗಿ ಸ್ಕೂಲ್ ಅಂತ ಇಂಗ್ಲಿಷಿನಲ್ಲಿ ಬರೆದಳು. ಕ್ಲಾಸಿನ ಕಡೆ ತಿರುಗಿದಳು. ಹಾಜಿರಾ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು.

"ಇಸ್ಕೂಲ್."

ಖಿಕ್ ಅಂತ ಒಂದು ಸದ್ದು. ಮುಕುಂದ, ಮತ್ಯಾರು! "ಇಸ್ಸ್‌ಕೂಲ್ ಅಂತ, ಲೇ!" ನಗು ಒಬ್ಬರಿಂದ ಒಬ್ಬರಿಗೆ ಹತ್ತಿ ಇಡೀ ಕ್ಲಾಸು ಹೊಟ್ಟೆ ಹಿಡಿದುಕೊಂಡಿತು.

"ಏ! ಸುಮ್ನ ಕುಂದರ್ರಿ!" ಹೆಡ್ ಮಾಸ್ತರರು ಗದರಿದರು.

"ಇರ್ಲಿ ಬಿಡ್ರಿ ಸರ್" ಅಂದಳು ಅಮ್ಮಿ. ಚಾಕ್ ಕೆಳಗಿಟ್ಟಳು. "ನೋಡ್ರಿ ಹುಡುಗ್ರಾ, ನಮ್ಮ ಮನ್ಯಾಗ ದಖನಿ ಮಾತಾಡ್ತೀವಿ. ನನ್ನ ನಾಲಿಗಿಗೆ ಮುಂದೊಂದು ಇ ತಾನೇ ಬಂದು ಕುಂದರ್ತದ. ಓಡಸಾಕತ್ತೀನಿ, ಹೋಗವಲ್ದು. ಯಾರು ನನಗ ಬರೋಬ್ಬರಿ ಹೇಳಿಕೊಡ್ತೀರಿ?"

ನಗು ನಿಂತಿತು. ಬಾಯಾರು ಹುಡುಗರಿಂದ ಕಲಿಯುವುದೇ? ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಕುಂದನೂ ಮಿಕಿಮಿಕಿ ನೋಡಿದ.

ಹಾಜಿರಾ ಎದ್ದು ನಿಂತಳು.

"ಸ್ಕೂಲ್."

"ಕೇಳಸಲಿಲ್ಲ" ಅಂದಳು ಅಮ್ಮಿ.

"ಸ್ಕೂಲ್, ಅಮ್ಮೀ!"

ಅಮ್ಮಿ ಮಗಳ ಬಾಯಿಯನ್ನೇ ನೋಡುತ್ತ ಸ್ಸ್ಸ್ ಅಂತ ಶುರು ಮಾಡಿದಳು. ಯಾರೂ ಹೇಳದೆಯೇ ಕ್ಲಾಸಿಗೆ ಕ್ಲಾಸೇ ಜೊತೆಗೆ ಸ್ಸ್ಸ್ ಅಂದಿತು. ಎಲ್ಲರಿಗಿಂತ ಜೋರಾಗಿ, ಕಣ್ಣು ಹೊರಬರುವ ಹಾಗೆ, ಮುಕುಂದ.

"ಇಸ್ಕೂಲ್!"

ಮೊದಲು ನಕ್ಕವಳು ಅಮ್ಮಿಯೇ. ಬೋರ್ಡಿಗೆ ಒರಗಿಕೊಂಡು, ಸೆರಗು ಬಾಯಿಗೆ ಹಿಡಿದು ನಕ್ಕಳು. ಹುಡುಗರೂ ನಕ್ಕರು. ಹಾಜಿರಾಗೂ ತಡೆಯಲಾಗಲಿಲ್ಲ, ಪಕ್ಕನೆ ನಕ್ಕುಬಿಟ್ಟಳು. ಇಷ್ಟು ದಿನ ಹೆದರಿದ್ದು ಇದಕ್ಕೇನಾ ಅನ್ನಿಸಿತು ಅವಳಿಗೆ.

ಹೆಡ್ ಮಾಸ್ತರರು ಕಣ್ಣೊರೆಸಿಕೊಳ್ಳುತ್ತ ಎದ್ದರು. "ಪ್ಲ್ಯಾನ್ ತಿದ್ದಿ ನಾಳಿ ಕೊಡ್ರಿ ಬಾಯಾರ. ಸಹಿ ಹಾಕ್ತೀನಿ."

"ಬಾಯಾರ, ಇನ್ನೊಮ್ಮಿ ಅನ್ರಿ! ಈ ಸಲ ಬರ್ತದ!" ಮುಕುಂದ ಮೊಣಕಾಲ ಮೇಲೆ ಎದ್ದು ಕೂಗಿದ.

ಅಮ್ಮಿ ಕೈಗೆ ಹತ್ತಿದ ಚಾಕ್ ಪುಡಿ ಕೊಡವಿಕೊಂಡು ಮತ್ತೆ ಬಾಯಿ ತೆರೆದಳು. ಈ ಸಲ ಹಾಜಿರಾ ಕಣ್ಣು ಮುಚ್ಚಿಕೊಳ್ಳಲಿಲ್ಲ.