ಮೂರು ತುಂಡಿನ ಮೀನು

ಅಮ್ಮ ತೀರಿಕೊಂಡ ಚಳಿಗಾಲದಲ್ಲಿ ಸೂಯಿಂಗ್‌ಗೆ ಹದಿನಾರು, ತಮ್ಮ ಚಂಗ್‌ಗೆನ್‌ಗೆ ಆರು. ಅಪ್ಪ ಹಳೆಯ ಗೋರಿಗಳಿಗೆ ಕನ್ನ ಕೊರೆಯುತ್ತಿದ್ದವನು. ಕನ್ನದೊಳಗೇ ಮಣ್ಣು ಕುಸಿದು ಸತ್ತಿದ್ದ. "ಇವನನ್ನು ಅಪ್ಪನ ದಾರಿ ಹಿಡಿಯೋಕೆ ಬಿಡಲ್ಲ, ಅಮ್ಮ," ಎಂದು ಸೂಯಿಂಗ್ ಮಾತು ಕೊಟ್ಟಿದ್ದಳು.

ಅದಾಗಿ ಇಪ್ಪತ್ತು ವರ್ಷ. ಹೆನಾನ್ ಪ್ರಾಂತ್ಯದಲ್ಲಿ ಅಗೆದು ತೆಗೆದ ಪುರಾತನ ರಾಜಗೋರಿಯೊಂದರಲ್ಲಿ ಅವಳು ಪ್ರವಾಸಿಗರ ಗೈಡ್. ಕಾಡಿ ಬೇಡಿ ಅವಳೇ ಕೊಡಿಸಿದ ಕೆಲಸದಲ್ಲಿ ತಮ್ಮ ಕಾವಲುಗಾರ. ಆ ಬೆಳಿಗ್ಗೆ ಗಾಜಿನ ಪೆಟ್ಟಿಗೆಯಿಂದ ಜೇಡ್ ಎಂಬ ಹಸಿರು ಕಲ್ಲಿನಲ್ಲಿ ಕೆತ್ತಿದ ಹೆಬ್ಬೆರಳುದ್ದದ ಮೀನು ಮಾಯವಾಗಿತ್ತು. ಬೀಗ ಒಡೆದಿರಲಿಲ್ಲ. ಕೀಲಿ ಇದ್ದದ್ದು ಚಂಗ್‌ಗೆನ್‌ನ ಸೊಂಟದಲ್ಲಿ.

ಸೂಯಿಂಗ್ ಹಿಂದಿನ ಕೋಣೆಗೆ ಓಡಿದಳು. ಅಲ್ಲಿದ್ದ ಗೆಂಗಜ್ಜ ನಲವತ್ತು ವರ್ಷ ಸರ್ಕಾರಿ ಉತ್ಖನನದಲ್ಲಿ ಇದೇ ಮಣ್ಣು ಅಗೆದವನು. ಏನೇ ಕಳವಾದರೂ ಸುಳಿವು ಕೇಳಿಕೊಂಡು ಪೊಲೀಸರು ಕೊನೆಗೆ ಬರುತ್ತಿದ್ದದ್ದು ಅವನ ಬಾಗಿಲಿಗೇ.

"ಅಪ್ಪನ ಹೆಸರೆತ್ತಿ ಇನ್ಸ್‌ಪೆಕ್ಟರ್ ಚೂ ನನ್ನ ತಮ್ಮನನ್ನೇ ಹಿಡ್ಕೊಂಡಿದಾನೆ, ಅಜ್ಜ. ಜನರ ನೂಕಾಟದಲ್ಲಿ ಯಾರೋ ಕೀಲಿ ಎಗರಿಸಿದಾರೆ. ಕಳ್ಳ ಬೆಳಿಗ್ಗೆ ಬಂದ ಏಳು ಜನ ಪ್ರವಾಸಿಗರಲ್ಲೇ ಇದಾನೆ."

"ಅವರನ್ನ ಹುಡುಕಿದ್ರಾ?"

"ಜೇಬು, ಚೀಲ, ಬೂಟು, ಎಲ್ಲಾ. ಏನೂ ಸಿಗಲಿಲ್ಲ."

"ಒಂದ್ಸಲ ಕೈ ಹಾಕಿದ್ರೆ ಅರ್ಧಕ್ಕೆ ನಿಲ್ಲಿಸೋಕೆ ನಂಗೆ ಬರಲ್ಲ, ಮಗಳೇ."

"ಪೂರ್ತಿ ಹುಡುಕಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಹಾಗಾದ್ರೆ ಎಲ್ಲ ಹೇಳು. ಯಾರು ಏನು ಕುಡಿದ್ರು ಅನ್ನೋದನ್ನೂ ಬಿಡಬೇಡ."

ಅವಳು ಹೇಳಿದಳು. ಮೀನು ಮೂರು ತುಂಡಾಗಿ ಸಿಕ್ಕಿತ್ತು, ಅಂಟು ಹಾಕಿ ಕೂಡಿಸಿದ್ದಾರೆ, ಬಿಸಿ ತಾಗಿದರೆ ಬಿಟ್ಟುಕೊಳ್ಳುತ್ತದೆ ಎಂದು ದಿನದಂತೆ ವಿವರಿಸಿದ್ದಳು. ಕಳವಾದ ಮೇಲೆ ಪೊಲೀಸರು ಬರುವವರೆಗೆ ಎಲ್ಲರನ್ನೂ ಟಿಕೆಟ್ ಕೋಣೆಯಲ್ಲಿ ಕೂಡಿಹಾಕಿದರು. ಕೊರೆಯುವ ಚಳಿ. ತಮ್ಮ ಕೆಟಲ್ ಹಿಡಿದು ಅವರವರು ಚಹಾ ಸೊಪ್ಪು ಹಾಕಿ ತಂದಿದ್ದ ಫ್ಲಾಸ್ಕುಗಳಿಗೆ ಬಿಸಿನೀರು ಹಾಕುತ್ತಾ ಹೋದ.

"ಗುಂಪಿನಲ್ಲಿದ್ದ ಒಬ್ಬ ಅಜ್ಜಿ ಬೇಡ ಅಂದ್ರೂ ಬಿಡದೆ ಸುರಿದ, ಪಾಪ. ಷಾನ್ ಅಂತ ಒಬ್ಬ ನಿವೃತ್ತ ಮೇಷ್ಟ್ರಿದ್ರು, ಅವರ ಮುಂದೆ ಮಾತ್ರ ನಿಲ್ಲದೆ ಹೋದ, ಗಾಬರಿ ನೋಡಿ. ಉಳಿದವರೆಲ್ಲ ಊದಿ ಊದಿ ಕುಡಿದು ಕನ್ನಡಕ ಒರೆಸ್ಕೊಂಡ್ರು. ಮೇಷ್ಟ್ರು ಗಟಗಟ ಕುಡಿದ್ರು, ಕನ್ನಡಕಕ್ಕೆ ಆವಿಯೇ ಕಟ್ಟಲಿಲ್ಲ. 'ನಿಮ್ಮ ಗಂಟಲೇನು ಕಬ್ಬಿಣದ್ದಾ' ಅಂತ ಅಜ್ಜಿ ಚುಡಾಯಿಸಿದ್ಲು."

ಗೆಂಗಜ್ಜ ಲೋಟ ಕೆಳಗಿಟ್ಟ. ಬಹಳ ಹೊತ್ತು ಅವಳನ್ನೇ ನೋಡಿ, ಎದ್ದ.

ಟಿಕೆಟ್ ಕೋಣೆಯಲ್ಲಿ ಎಲ್ಲರೂ ಇದ್ದರು. ಅಜ್ಜ ಷಾನ್ ಮೇಷ್ಟ್ರ ಮುಂದೆ ಕೈ ಚಾಚಿದ. "ಫ್ಲಾಸ್ಕ್ ಕೊಡಿ."

"ನಾನು ಕುಡಿಯೋ ಚಹಾ ಮೇಲೂ ನಿಮ್ಮ ಕಣ್ಣಾ?"

ಅಜ್ಜ ಫ್ಲಾಸ್ಕನ್ನು ಬೇಸಿನ್ನಿಗೆ ಬೋರಲು ಹಾಕಿದ. ತಣ್ಣೀರು ಬಿತ್ತು, ಚಹಾ ಸೊಪ್ಪು ಬಿತ್ತು, ಕೊನೆಗೆ ಮೀನು ಬಿತ್ತು.

"ಈ ಚಳೀಲಿ, ಈ ವಯಸ್ಸಲ್ಲಿ, ನಮ್ಮ ಕಡೆ ಯಾರು ತಣ್ಣೀರು ಕುಡೀತಾರೆ? ಅಂಟು ಬಿಡಬಾರದು ಅನ್ನೋನು ಮಾತ್ರ," ಎಂದ ಅಜ್ಜ.

ಸೂಯಿಂಗ್‌ಗೆ ಅಂದು ಮೊದಲ ಬಾರಿ ಉಸಿರು ಬಂತು. "ನೋಡಿದ್ರಾ ಸಾಹೇಬ್ರೇ? ಬಿಡಿ ನನ್ನ ತಮ್ಮನನ್ನ."

"ಮುಗಿದಿಲ್ಲ, ಮಗಳೇ." ಅಜ್ಜನ ದನಿ ಇಳಿದಿತ್ತು. "ಬೇಡ ಅಂದವರಿಗೂ ಸುರಿದೋನು ಇವರೊಬ್ಬರನ್ನ ಕೇಳದೇ ದಾಟಿ ಹೋದ. ಈ ಫ್ಲಾಸ್ಕಿಗೆ ಬಿಸಿನೀರು ಬೀಳಬಾರದು ಅಂತ ಅವನಿಗೆ ಗೊತ್ತಿತ್ತು. ಕೀಲಿಯನ್ನ ಯಾರೂ ಎಗರಿಸಿಲ್ಲ."

ಅವಳು ತಮ್ಮನ ಮುಖ ನೋಡಿದಳು. ಅವನು ಬೇಸಿನ್ನಿನ ಕಡೆ ನೋಡುತ್ತಿದ್ದ.

"ಇಲ್ಲ ಅನ್ನೋ, ಚಂಗ್‌ಗೆನ್."

"ಇದೊಂದೇ ಸಲ ಅಂದ್ಕೊಂಡಿದ್ದೆ, ಅಕ್ಕ."

ಚೂ ಇಬ್ಬರಿಗೂ ಕೈಕೋಳ ತೊಡಿಸಿದ. ಅಪ್ಪ ಹೋದ ದಾರಿಯಲ್ಲೇ ಚಂಗ್‌ಗೆನ್ ಹೋದ. ಸೂಯಿಂಗ್ ಅಮ್ಮನಿಗೆ ಕೊಟ್ಟ ಮಾತು ಉಳಿಯಲಿಲ್ಲ.